ಶಾಂಘೈನಲ್ಲಿ ಮನೆ ಹೂಡುವವರಿಗೆ: ಎಲ್ಲಿ ದುಡ್ಡು ಬಿಚ್ಚಬೇಕು, ಎಲ್ಲಿ ಪರದಾಡಬೇಕು

"ಶಾಂಘೈಗೆ ಹಾಕಿದ್ದಾರೆ, ಬರುವಾಗ ಏನೇನು ತರಲಿ?" ಅಂತ ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಾರೆ. ಅದಕ್ಕೆ ಉತ್ತರ ಸುಲಭ. ಸಾರಿನ ಪುಡಿ, ಹುಣಸೆಹಣ್ಣು, ಕುಕ್ಕರಿಗೆ ಒಂದು ಎಕ್ಸ್‌ಟ್ರಾ ಗ್ಯಾಸ್ಕೆಟ್. ಹಸಿ ಕರಿಬೇವು ಮಾತ್ರ ತರಬೇಡಿ, ಹಸಿ ಸೊಪ್ಪು, ಹಣ್ಣು ಕಸ್ಟಮ್ಸ್ ದಾಟುವುದಿಲ್ಲ. ಕಷ್ಟದ ಪ್ರಶ್ನೆಗಳೆಲ್ಲ ಇಲ್ಲಿಗೆ ಬಂದಿಳಿದ ಮೇಲೆ ಶುರುವಾಗುತ್ತವೆ. ಈ ಊರಿನಲ್ಲಿ ಮನೆಗೆ, ಆಸ್ಪತ್ರೆಗೆ, ತರಕಾರಿಗೆ, ಎಲ್ಲದಕ್ಕೂ ಎರಡು ದಾರಿ ಇವೆ. ಒಂದು ಹೊರಗಿನಿಂದ ಬಂದವರಿಗಾಗಿ ಮಾಡಿಟ್ಟದ್ದು, ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಇನ್ನೊಂದು ಊರಿನವರದ್ದು, ಅಗ್ಗ, ಆದರೆ ಕೈ ಬಾಯಿ ಸನ್ನೆ ಮಾಡಿಕೊಂಡು ನಾಲ್ಕು ಜನರ ಮುಂದೆ ಪೆದ್ದನಾಗಬೇಕು. ಪರದೇಶಿ ಅನ್ನುವ ಮಾತಿಗೆ ನಮ್ಮಲ್ಲಿ ದಿಕ್ಕಿಲ್ಲದವನು ಅಂತಲೂ ಅರ್ಥ ಇದೆಯಲ್ಲ, ಮೊದಲ ತಿಂಗಳು ಎರಡು ಅರ್ಥವೂ ಸರಿಯಾಗಿ ಹೊಂದುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ. ಎಲ್ಲದರಲ್ಲೂ ಮೊದಲ ದಾರಿ ಹಿಡಿದು ಸಂಬಳ ಕರಗಿಸುತ್ತಾರೆ, ಇಲ್ಲವೇ ಎಲ್ಲದರಲ್ಲೂ ಎರಡನೆಯದನ್ನು ಹಿಡಿದು ಮೂರೇ ತಿಂಗಳಿಗೆ ಸುಸ್ತಾಗಿ ವಾಪಸ್ ಟಿಕೆಟ್ ನೋಡುತ್ತಾರೆ. ನಾನು ಎರಡನೇ ಜಾತಿಯವನಾಗಿದ್ದೆ. ಈಗ ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತೇನೆ.

ಮನೆ: ಹಳೇ ಕಟ್ಟಡವಾ, ಹೊಸ ಕಾಂಪೌಂಡಾ

ಮೊದಲು ನದಿ. ಹುವಾಂಗ್‌ಪು ನದಿಯ ಪಶ್ಚಿಮಕ್ಕೆ ಪುಶಿ, ಪೂರ್ವಕ್ಕೆ ಪುದೋಂಗ್. ಪುಶಿ ಹಳೇ ಊರು: ಸಾಲು ಮರಗಳು, ಗಲ್ಲಿ, ಕಾಲ್ನಡಿಗೆಯಲ್ಲೇ ಎಲ್ಲ ಸಿಗುತ್ತದೆ. ಪುದೋಂಗ್ 1990ರ ನಂತರ ಬೆಳೆದದ್ದು: ಅಗಲ ರಸ್ತೆ, ದೊಡ್ಡ ಕಾಂಪೌಂಡು, ಪಕ್ಕದ ಅಂಗಡಿಗೆ ಹೋಗುವುದೂ ಒಂದು ಪ್ರಯಾಣ. ಯಾವ ಕಡೆ ಚೆಂದ ಅನ್ನುವ ಚರ್ಚೆಯನ್ನು ಬಿಡಿ, ಆಫೀಸು ಯಾವ ಕಡೆ ಇದೆ ನೋಡಿ. ಝಾಂಗ್‌ಜಿಯಾಂಗ್ ಟೆಕ್ ಪಾರ್ಕಿನಲ್ಲಿ ಕೆಲಸ ಇಟ್ಟುಕೊಂಡು, ಹಳೇ ಫ್ರೆಂಚ್ ಬಡಾವಣೆಯ ಮರಗಳ ಫೋಟೋ ನೋಡಿ ಪುಶಿಯಲ್ಲಿ ಮನೆ ಹಿಡಿದ ಗೆಳೆಯ ಒಬ್ಬನಿದ್ದಾನೆ, ದಿನಾ ಬೆಳಿಗ್ಗೆ 2ನೇ ಲೈನಿನ ಮೆಟ್ರೋದಲ್ಲಿ ಯಾರದೋ ಬ್ಯಾಗಿಗೆ ಮುಖ ಒತ್ತಿಕೊಂಡು ನಿಂತು ಆ ಮರಗಳನ್ನು ಶನಿವಾರ ಮಾತ್ರ ನೋಡುತ್ತಾನೆ.

ಆಮೇಲೆ ಕಟ್ಟಡ. ಹಳೇದಕ್ಕೆ ಇಲ್ಲಿ ಲಾವ್‌ಗೋಂಗ್‌ಫಾಂಗ್ ಅನ್ನುತ್ತಾರೆ. ಹಿಂದೆ ಸರ್ಕಾರಿ ಕಾರ್ಖಾನೆ, ಕಚೇರಿಗಳು ತಮ್ಮ ಕೆಲಸಗಾರರಿಗೆ ಕೊಟ್ಟಿದ್ದ ಮನೆಗಳು. ಹೆಚ್ಚಾಗಿ ಆರು ಮಹಡಿ, ಲಿಫ್ಟ್ ಇಲ್ಲ, ಕಿಟಕಿಯಿಂದಾಚೆ ಕೋಲು ಚಾಚಿ ಬಟ್ಟೆ ಒಣಗಿಸುತ್ತಾರೆ. ನಾನಿರುವುದು ಅಂಥದ್ದರಲ್ಲೇ, ಐದನೇ ಮಹಡಿ. ಹೊಸ ಕಾಂಪೌಂಡಿನಲ್ಲಿ ಲಿಫ್ಟು, ಗೇಟಿನಲ್ಲಿ ಕಾವಲು, ಪಾರ್ಕು ಎಲ್ಲ ಇರುತ್ತದೆ, ಅಷ್ಟೇ ದೊಡ್ಡ ಮನೆಗೆ ಬಾಡಿಗೆ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಮೂರನೆಯದು ಸರ್ವಿಸ್ ಅಪಾರ್ಟ್‌ಮೆಂಟು. ಕಂಪನಿ ದುಡ್ಡು ಕೊಡುವುದಾದರೆ ಮೊದಲ ಒಂದು ತಿಂಗಳು ಅಲ್ಲಿರಿ. ಸ್ವಂತ ಜೇಬಿನಿಂದ ಬೇಡ.

ನನ್ನ ಕೇಳಿದರೆ, ಒಂಟಿಯಾಗಿ ಬರುವವರಿಗೆ ಹಳೇದೇ ಸರಿ. ಅಗ್ಗ ಅನ್ನುವುದಕ್ಕಿಂತ ಜಾಸ್ತಿ, ಅಲ್ಲಿ ಮಾತಾಡಲು ಮುದುಕರಿರುತ್ತಾರೆ. ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಕೂತಿರುವ ಅಜ್ಜಿಯಂದಿರಿಗೆ ನೀವು ಯಾವಾಗ ಹೋದಿರಿ, ಏನು ತಂದಿರಿ, ಸಂಬಳ ಎಷ್ಟು ಎಲ್ಲಾ ಬೇಕು. ನಮ್ಮ ಊರಿನ ಜಗಲಿ ಕಟ್ಟೆ ಇದ್ದ ಹಾಗೇ. ಚಿಕ್ಕ ಮಕ್ಕಳು, ತಳ್ಳುಗಾಡಿ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸುಮ್ನೆ ಹೊಸದಕ್ಕೆ ಹೋಗಿ, ಐದನೇ ಮಹಡಿಗೆ ನೀರಿನ ಕ್ಯಾನ್ ಹೊತ್ತಾಗ ಜಗಲಿ ಕಟ್ಟೆ ನೆನಪಾಗುವುದಿಲ್ಲ.

ಎರಡರಲ್ಲೂ ಚಳಿ ಒಂದೇ ಅಂದುಕೊಂಡರೆ ಅದು ತಪ್ಪು. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟ ಮತ್ತು ಹುವಾಯ್ ನದಿಯ ಗೆರೆಯ ಉತ್ತರಕ್ಕೆ ಮಾತ್ರ ಊರಿಗೆಲ್ಲ ಒಟ್ಟಾಗಿ ಬಿಸಿ ಪೂರೈಸುವ ವ್ಯವಸ್ಥೆ ಇದೆ. ಶಾಂಘೈ ಆ ಗೆರೆಯ ದಕ್ಷಿಣಕ್ಕೆ ಬೀಳುತ್ತದೆ. ಜನವರಿಯಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿದು, ಅದಕ್ಕೆ ತೇವವೂ ಸೇರಿ ಮೂಳೆಗೇ ಹತ್ತುತ್ತದೆ. ಮಡಿಕೇರಿ ಚಳಿ ನೋಡಿದ್ದೇನೆ ಅಂತ ಹೇಳಬೇಡಿ. ಹಳೇ ಮನೆಯಲ್ಲಿ ಕಿಟಕಿ ಸಂದಿಯಿಂದ ಗಾಳಿ ಬರುತ್ತದೆ, ಎಸಿಯಿಂದ ಬರುವ ಬಿಸಿ ಎಲ್ಲ ಮಾಡಿನ ಹತ್ತಿರವೇ ನಿಲ್ಲುತ್ತದೆ. ಕೆಲವು ಹೊಸ ಮನೆಗಳಲ್ಲಿ ದಿನುವಾನ್ ಅಂತ ನೆಲದಡಿಯ ಬಿಸಿ ಇರುತ್ತದೆ, ಮನೆ ನೋಡುವಾಗ ಅದನ್ನು ಕೇಳಿ. ಜೂನ್ ಮಧ್ಯದಿಂದ ಸುಮಾರು ಒಂದು ತಿಂಗಳು ಮೇಯ್‌ಯು ಮಳೆ. ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ, ಆಷಾಢದಲ್ಲಿ ಚಪ್ಪಲಿಗೆ ಬೂಸಲು ಬರುವ ಹಾಗೆ ಇಲ್ಲೂ ಬರುತ್ತದೆ. ತೇವ ಹೀರುವ ಯಂತ್ರ ಒಂದು ತಗೊಳ್ಳಿ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನವರಿಗೆ ಇದು ಸ್ವರ್ಗ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸ ಇರುವ ನಮಗೆ ಇಲ್ಲಿ ಹೇಳುವುದು "ಯಾ ಯಿ ಫು ಸಾನ್", ಅಂದರೆ ಒಂದು ತಿಂಗಳ ಅಡ್ವಾನ್ಸ್, ಮೂರು ತಿಂಗಳ ಬಾಡಿಗೆ ಮುಂಚಿತವಾಗಿ. ಮೇಲೆ ಏಜೆಂಟನಿಗೆ ಒಂದು ತಿಂಗಳ ಬಾಡಿಗೆಯ ಮೂರನೇ ಒಂದು ಭಾಗದಷ್ಟು. ಆದರೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಲೇಬೇಕು: ಪೊಲೀಸ್ ನೋಂದಣಿಗೆ ಮಾಲೀಕರು ಮನೆಯ ಹಕ್ಕುಪತ್ರದ ಪ್ರತಿ ಕೊಡುತ್ತಾರಾ? ವಿದೇಶಿಯರು ಹೊಸ ಮನೆಗೆ ಬಂದ 24 ಗಂಟೆಯೊಳಗೆ ವಾಸದ ನೋಂದಣಿ ಮಾಡಿಸಬೇಕು, ಶಾಂಘೈನಲ್ಲಿ ಆನ್‌ಲೈನ್‌ನಲ್ಲೂ ಆಗುತ್ತದೆ. ಆ ಚೀಟಿ ಇಲ್ಲದೆ ವೀಸಾ ಕೆಲಸ ಮುಂದೆ ಹೋಗುವುದಿಲ್ಲ. ನಾನು ಮೆಚ್ಚಿದ ಮೊದಲ ಮನೆ ತಪ್ಪಿದ್ದು ಇದರಿಂದಲೇ, ಮಾಲೀಕ ಎಲ್ಲಕ್ಕೂ ಹ್ಞೂಂ ಅಂದು ಕೊನೆಗೆ ಈ ಕಾಗದಕ್ಕೆ ಬಂದಾಗ ಫೋನ್ ಎತ್ತುವುದನ್ನೇ ಬಿಟ್ಟ.

ಮನೆ ಜೊತೆಗೇ ಬರುವ ಇನ್ನೊಂದು ವಿಷಯ ಕಸ. 2019ರ ಜುಲೈ 1ರಿಂದ ಇಲ್ಲಿ ಕಸವನ್ನು ನಾಲ್ಕು ಭಾಗ ಮಾಡುವುದು ಕಡ್ಡಾಯ: ಹಸಿ, ಒಣ, ಮರುಬಳಕೆ, ಅಪಾಯಕಾರಿ. ಅನೇಕ ಕಡೆ ಬೆಳಿಗ್ಗೆ ಸಂಜೆ ಕೆಲವೇ ಗಂಟೆ ಕಸದ ಕೋಣೆ ತೆರೆದಿರುತ್ತದೆ. ಹಂದಿ ತಿನ್ನುವುದೆಲ್ಲ ಹಸಿ, ಹಂದಿಯೂ ಮೂಸದ್ದು ಒಣ ಅಂತ ಇಲ್ಲಿನವರದೇ ಒಂದು ತಮಾಷೆ ಲೆಕ್ಕ ಇದೆ, ಮುಕ್ಕಾಲು ಪಾಲು ಅದೇ ಸಾಕು. ತೆಂಗಿನ ಚಿಪ್ಪು ಒಣ. ಇದನ್ನು ನನಗೆ ಕಲಿಸಿದ್ದು ಕೆಳಗಿನ ಅಜ್ಜಿ, ನನ್ನ ಚೀಲ ಬಿಚ್ಚಿ, ಎಲ್ಲರ ಮುಂದೆ.

ದುಡ್ಡು: ಅಲಿಪೇ, ವೀಚಾಟ್, ಬ್ಯಾಂಕ್

ಫೋನಿನಿಂದ ದುಡ್ಡು ಕೊಡುವ ಆ್ಯಪ್‌ಗಳಲ್ಲಿ ಅಲಿಪೇನಾ ವೀಚಾಟಾ ಅಂದರೆ ಎರಡೂ ಬೇಕು. ವಿಮಾನ ಹತ್ತುವ ಮೊದಲೇ ಅಲಿಪೇ ಹಾಕಿಕೊಳ್ಳಿ, ಇಂಗ್ಲಿಷ್ ಚೆನ್ನಾಗಿದೆ, ಮೆಟ್ರೋ ಕೋಡ್, ಟ್ಯಾಕ್ಸಿ, ಸೈಕಲ್ ಎಲ್ಲಾ ಅದರೊಳಗೇ ಸಿಗುತ್ತದೆ. ವೀಚಾಟ್ ಬೇಕಾಗುವುದು ಜನರ ಜೊತೆಗಿನ ವ್ಯವಹಾರಕ್ಕೆ: ಮನೆ ಮಾಲೀಕ, ಆಫೀಸಿನ ಗುಂಪು, ಕೊಳಾಯಿ ರಿಪೇರಿಯವನು. ಹೊಸ ಖಾತೆ ತೆರೆಯುವಾಗ ಈಗಾಗಲೇ ವೀಚಾಟ್‌ನಲ್ಲಿರುವ ಒಬ್ಬರು ನಿಮ್ಮ ಪರ ಕೋಡ್ ಸ್ಕ್ಯಾನ್ ಮಾಡಬೇಕಾಗಿ ಬರಬಹುದು, ಆಫೀಸಿನಲ್ಲಿ ಯಾರನ್ನಾದರೂ ಮೊದಲೇ ಕೇಳಿಟ್ಟುಕೊಳ್ಳಿ.

2023ರಿಂದ ಎರಡಕ್ಕೂ ಹೊರದೇಶದ ವೀಸಾ, ಮಾಸ್ಟರ್ ಕಾರ್ಡ್ ಸೇರಿಸಬಹುದು. 200 ಯುವಾನ್ ತನಕದ ಬಿಲ್ಲಿಗೆ ಶುಲ್ಕ ಇಲ್ಲ, ದಾಟಿದರೆ 3 ಶೇಕಡಾ. ಯುವಾನ್ ಅಂದರೆ 12-13 ರೂಪಾಯಿ ಆಸುಪಾಸು. ನೂಡಲ್ಸ್, ಕಾಫಿ, ಮೆಟ್ರೋಗೆ ಕಾರ್ಡೇ ಸಾಕು. ಆದರೆ ವಿದೇಶಿ ಕಾರ್ಡಿನಿಂದ ಅಂಗಡಿಗೆ ಕೊಡಬಹುದೇ ಹೊರತು ಮನುಷ್ಯರಿಗೆ ದುಡ್ಡು ಕಳಿಸಲು ಆಗುವುದಿಲ್ಲ. ಬಾಡಿಗೆ ಕಟ್ಟುವುದು ಮನುಷ್ಯನಿಗೆ. ಹಾಗಾಗಿ ಆರು ತಿಂಗಳಿಗಿಂತ ಜಾಸ್ತಿ ಇರುವವರು ಇಲ್ಲಿನ ಬ್ಯಾಂಕ್ ಖಾತೆ ತೆರೆಯಲೇಬೇಕು.

ಇಲ್ಲಿ ಕನ್ನಡಿಗರಿಗಾಗಿಯೇ ಒಂದು ಎಚ್ಚರಿಕೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಅಥವಾ ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಒಂದೂವರೆ ಸಾಲು ಆಗಿರುತ್ತದೆ. ಇಲ್ಲಿ ಸಿಮ್ಮು, ಬ್ಯಾಂಕು, ವೀಚಾಟು ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ನನ್ನದು ಸಿಮ್ಮಿನಲ್ಲಿ ಹಿಂದೆ ಮುಂದೆ, ಬ್ಯಾಂಕಿನಲ್ಲಿ ನಡುವೆ ಜಾಗ ಬಿಡದೆ ಒಂದೇ ಉದ್ದಕ್ಕೆ. ಮೂರು ಸಲ ಓಡಾಡಿದೆ. ಮೊದಲ ದಿನ ಸಿಮ್ ಕೊಳ್ಳುವಾಗ ಪರದೆ ಮೇಲೆ ಹೆಸರು ಹೇಗೆ ಬಂತು ಅಂತ ಫೋಟೋ ತೆಗೆದುಕೊಳ್ಳಿ, ಬ್ಯಾಂಕಿನಲ್ಲಿ ಅದನ್ನೇ ತೋರಿಸಿ ಹಾಗೇ ಬರೆಸಿ. ದೊಡ್ಡ ಸಿಮ್ ಕಂಪನಿಗಳು ಮೂರು: ಚೀನಾ ಮೊಬೈಲ್, ಯೂನಿಕಾಂ, ಟೆಲಿಕಾಂ. ಊರಿಂದ ತಂದ ಫೋನಿಗೆ ಯೂನಿಕಾಂ ತೊಂದರೆ ಕಡಿಮೆ. ಯಾವುದಾದರೂ ಸರಿ, ಆ ನಂಬರ್ ಮಾತ್ರ ಬದಲಿಸಬೇಡಿ, ಎಲ್ಲಾ ಖಾತೆಯೂ ಅದಕ್ಕೇ ನೇತು ಬಿದ್ದಿರುತ್ತದೆ.

ಅಮ್ಮನಿಗೆ ಫೋನ್ ಮಾಡುವುದು ಹೇಗೆ

ಇದು ಭಾರತದವರಿಗೆ ಮಾತ್ರ ಬರುವ ಗೋಳು. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಇಲ್ಲಿ ನಡೆಯುವುದಿಲ್ಲ. ಹೋಗಲಿ, ವೀಚಾಟಿನಲ್ಲಿ ಮಾತಾಡೋಣ ಅಂದರೆ 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇದೆ. ಇಲ್ಲಿ ಇರುವುದು ಅಲ್ಲಿ ಇಲ್ಲ, ಅಲ್ಲಿ ಇರುವುದು ಇಲ್ಲಿ ಇಲ್ಲ. ಅಮೆರಿಕದ ಸಹೋದ್ಯೋಗಿಗೆ ಇದನ್ನು ಹೇಳಿದರೆ ಅವನು ನಕ್ಕ.

ದಾರಿ ಮೂರು. ಒಂದು, ಭಾರತದ ಸಿಮ್ಮಿನ ರೋಮಿಂಗ್. ರೋಮಿಂಗ್‌ನಲ್ಲಿ ಡೇಟಾ ಊರಿನ ಕಂಪನಿ ಮೂಲಕವೇ ಹೋಗಿ ಬರುವುದರಿಂದ ವಾಟ್ಸ್‌ಆ್ಯಪ್ ನಡೆಯುತ್ತದೆ. ಮೊದಲ ವಾರಕ್ಕೆ ಸರಿ, ತಿಂಗಳುಗಟ್ಟಲೆ ಕೈ ಸುಡುತ್ತದೆ. ಎರಡು, ಹೊರದೇಶದ ಕಂಪನಿಯ ಇ-ಸಿಮ್. ಕೆಲಸ ಮಾಡುವ ರೀತಿ ಅದೇ, ಬೆಲೆ ಕಡಿಮೆ. ಮೂರು, ಇಬ್ಬರ ಕೈಯಲ್ಲೂ ಐಫೋನ್ ಇದ್ದರೆ ಫೇಸ್‌ಟೈಮ್ ವಿಡಿಯೋ. ತಡೆದ ಆ್ಯಪ್‌ಗಳನ್ನು ಬೇರೆ ದಾರಿಯಿಂದ ತೆರೆಯುವ ವಿಪಿಎನ್ ಅನ್ನು ಈ ಪಟ್ಟಿಗೆ ಸೇರಿಸಿಲ್ಲ. ಅನುಮತಿ ಇಲ್ಲದ ವಿಪಿಎನ್‌ಗೆ ಇಲ್ಲಿ ಕಾನೂನಿನ ಒಪ್ಪಿಗೆ ಇಲ್ಲ, ಇವತ್ತು ನಡೆದದ್ದು ನಾಳೆ ನಡೆಯುತ್ತದೆ ಅನ್ನುವ ಖಾತ್ರಿಯೂ ಇಲ್ಲ. ನಾನು ಕೊನೆಗೆ ಅಮ್ಮನಿಗೆ ಒಂದು ಹಳೇ ಐಫೋನ್ ಕೊಡಿಸಿದೆ. ಐದು ವರ್ಷದಲ್ಲಿ ಮಾಡಿದ ಖರ್ಚುಗಳಲ್ಲಿ ಇದರ ಬಗ್ಗೆ ಮಾತ್ರ ಒಂದು ದಿನವೂ ಬೇಜಾರಾಗಿಲ್ಲ. ಭಾರತದ ಗಡಿಯಾರ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂಬತ್ತೂವರೆ ಆದರೆ ಅಲ್ಲಿ ಏಳು, ಸೀರಿಯಲ್ ಶುರುವಾಗುವ ಹೊತ್ತು. ಎಂಟೂವರೆಗೇ ಮಾಡಿ.

ಓಡಾಟ

ಹೆಚ್ಚು ಯೋಚನೆ ಬೇಡ, ಮೆಟ್ರೋ. ಮೊದಲ 6 ಕಿಲೋಮೀಟರಿಗೆ 3 ಯುವಾನ್, ಆಮೇಲೆ ಪ್ರತಿ 10 ಕಿಲೋಮೀಟರಿಗೆ ಒಂದೊಂದು. ಊರಿನ ತುಂಬ ಹರಡಿದೆ, ಹೆಚ್ಚಿನ ಲೈನುಗಳು ರಾತ್ರಿ ಹತ್ತೂವರೆ ಹನ್ನೊಂದರ ಹೊತ್ತಿಗೆ ನಿಲ್ಲುತ್ತವೆ, ಆಮೇಲೆ ದಿದಿ ಟ್ಯಾಕ್ಸಿ. ಸ್ಟೇಷನ್ನಿನಿಂದ ಮನೆಗೆ ಹಂಚಿಕೆ ಸೈಕಲ್: ಹಳದಿ ಮೇಯ್‌ತುವಾನ್, ನೀಲಿ ಹಲೋ. ಯಾವುದು ಒಳ್ಳೇದು ಅಂತ ಕೇಳುತ್ತಾರೆ. ಯಾವುದರ ಸೀಟು ಗಟ್ಟಿ ಇದೆಯೋ ಅದು.

ಬೈಕ್ ಓಡಿಸಿ ಅಭ್ಯಾಸ ಇರುವವರಿಗೆ ಕರೆಂಟ್ ಸ್ಕೂಟರ್ ಆಸೆ ಹುಟ್ಟುತ್ತದೆ. ಕೊಳ್ಳಬಹುದು, ಆದರೆ ನಂಬರ್ ಪ್ಲೇಟು, ಹೆಲ್ಮೆಟ್ಟು ಕಡ್ಡಾಯ, ಕಟ್ಟಡದ ಮೆಟ್ಟಿಲು, ಓಣಿಗಳಲ್ಲಿ ಚಾರ್ಜ್ ಮಾಡುವ ಹಾಗಿಲ್ಲ, ಹಿಂದೆ ಗೆಳೆಯನನ್ನು ಕೂರಿಸಿಕೊಂಡರೆ ದಂಡ. ಕಾರು ಓಡಿಸುತ್ತೇನೆ ಅಂದರೆ ಭಾರತದ ಲೈಸೆನ್ಸೂ ನಡೆಯುವುದಿಲ್ಲ, ಇಂಟರ್‌ನ್ಯಾಷನಲ್ ಪರ್ಮಿಟ್ಟೂ ನಡೆಯುವುದಿಲ್ಲ. 100 ಪ್ರಶ್ನೆಯ ಪರೀಕ್ಷೆಯಲ್ಲಿ 90 ಬರಬೇಕು. ಒಬ್ಬ ಟ್ರಾಫಿಕ್ ಪೊಲೀಸನ ಕೈ ಸನ್ನೆ ನೋಡಿ ಏನು ಅರ್ಥ ಅಂತ ಹೇಳುವ ಪ್ರಶ್ನೆಗಳೂ ಅದರಲ್ಲಿವೆ. ನಾನು ಪುಸ್ತಕ ಮುಚ್ಚಿಟ್ಟು ಮೆಟ್ರೋಗೆ ವಾಪಸ್ಸಾದೆ.

ಆಸ್ಪತ್ರೆ: ಇಲ್ಲಿ ದುಡ್ಡು ಬಿಚ್ಚಿ

ಇಲ್ಲಿ ಮೂರು ತರಹ ಇವೆ. ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಿಭಾಗ, ಅದೇ ಆಸ್ಪತ್ರೆಯ ಅಂತರರಾಷ್ಟ್ರೀಯ ವಿಭಾಗ, ಮತ್ತು ಖಾಸಗಿ. ಸಾಮಾನ್ಯ ವಿಭಾಗದಲ್ಲಿ ನೋಂದಣಿಗೆ ಹತ್ತಾರು ಯುವಾನ್, ಅಂತರರಾಷ್ಟ್ರೀಯದಲ್ಲಿ ಕೆಲವು ನೂರು, ಖಾಸಗಿಯಲ್ಲಿ ಡಾಕ್ಟರ ಮುಖ ನೋಡಲಿಕ್ಕೇ ಸಾವಿರ ದಾಟಬಹುದು.

ಮೊದಲ ವರ್ಷ ಒಂದು ರಾತ್ರಿ ಹೊಟ್ಟೆನೋವು ಬಂದು ಸಾಮಾನ್ಯ ವಿಭಾಗಕ್ಕೇ ಹೋದೆ. ನಿಜ ಹೇಳಬೇಕೆಂದರೆ ಅಲ್ಲಿನ ವೇಗ ನೋಡಿ ಬೆರಗಾದೆ. ಗುವಾಹಾವ್ ಅಂತ ನೋಂದಣಿ, ಡಾಕ್ಟರ ಹತ್ತಿರ ಮೂರು ನಿಮಿಷ, ಕೆಳಗೆ ಬಂದು ದುಡ್ಡು ಕಟ್ಟು, ರಕ್ತ ಕೊಡು, ಅರ್ಧ ಗಂಟೆಗೆ ಯಂತ್ರದಿಂದ ರಿಪೋರ್ಟು, ಮತ್ತೆ ಮೇಲೆ ಡಾಕ್ಟರು, ಮತ್ತೆ ಕೆಳಗೆ ದುಡ್ಡು, ಆಮೇಲೆ ಔಷಧಿ. ಪ್ರತಿ ಹೆಜ್ಜೆಗೂ ಮೊದಲು ದುಡ್ಡು, ಆಮೇಲೆ ಕೆಲಸ. ತೊಂದರೆ ಏನೆಂದರೆ, ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿರುವಾಗ, ನೋವು ಚುಚ್ಚುತ್ತದಾ, ಕಿವುಚುತ್ತದಾ, ಉರಿಯುತ್ತದಾ ಅಂತ ಅನುವಾದದ ಆ್ಯಪಿಗೆ ಹೇಳಲು ಆಗುವುದಿಲ್ಲ. ಕನ್ನಡದಲ್ಲೇ ಸರಿಯಾಗಿ ಹೇಳಲು ಬರದ ವಿಷಯ ಅದು. ಪರದಾಡುವುದಕ್ಕೆ ಮೈ ನೆಟ್ಟಗಿರಬೇಕು.

ಆಮೇಲಿಂದ ನಾನು ಹೋಗುವುದು ನಡುವಿನ ದಾರಿಗೆ. ಹುವಾಶಾನ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ವಿದೇಶಿಯರಿಗೆ ಬೇರೆ ವಿಭಾಗ ಇದೆ. ಹಿಂದೆ ಇರುವುದು ಅದೇ ಆಸ್ಪತ್ರೆಯ ಅನುಭವ, ಅದೇ ಯಂತ್ರಗಳು, ಸಾಲು ಕಡಿಮೆ, ಇಂಗ್ಲಿಷ್ ಸಾಕಷ್ಟು ನಡೆಯುತ್ತದೆ. ಖಾಸಗಿಗೆ ಹೋಗುವುದು ಕಂಪನಿಯ ವಿಮೆ ನೇರ ಬಿಲ್ ಕಟ್ಟುವುದಾದರೆ ಮಾತ್ರ, ಬಾಣಂತನ ಅಥವಾ ಚಿಕ್ಕ ಮಕ್ಕಳ ವಿಷಯದಲ್ಲಿ ಅದು ಕೊಟ್ಟ ದುಡ್ಡಿಗೆ ತಕ್ಕದ್ದು. ಪಾಸ್‌ಪೋರ್ಟ್ ಯಾವುದಕ್ಕೂ ಬೇಕು. ಆಂಬುಲೆನ್ಸ್ 120, ಪೊಲೀಸ್ 110, ಬೇರೆ ಏನಾದರೂ ಗೊತ್ತಾಗದಿದ್ದರೆ ನಗರದ ಸಹಾಯವಾಣಿ 12345, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಅಂದ ಹಾಗೆ ಯಾವ ಕಾಯಿಲೆಗೂ ಸಹೋದ್ಯೋಗಿಗಳು ಹೇಳುವ ಮದ್ದು "ಬಿಸಿನೀರು ಜಾಸ್ತಿ ಕುಡಿ". ನಮ್ಮಜ್ಜಿ ಇಲ್ಲಿ ಆರಾಮಾಗಿ ಬಾಳುತ್ತಿದ್ದಳು.

ಊಟ: ಇಲ್ಲಿ ಪರದಾಡಿ

ಮಾಂಸ ತಿನ್ನುವವರು ಈ ಭಾಗ ಬಿಟ್ಟು ಬೀದಿಗಿಳಿಯಿರಿ, ನಿಮ್ಮದೇ ರಾಜ್ಯ. ಸಸ್ಯಾಹಾರಿಗಳ ಕಥೆ ಬೇರೆ. "ವೋ ಚಿ ಸು", ನಾನು ಸಸ್ಯಾಹಾರಿ ಅನ್ನುವ ಮೂರು ಪದ ಮೊದಲು ಕಲಿಯಿರಿ. ಅದೂ ಸಾಲದು, ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಚಿಕನ್ ಪುಡಿ ಬೀಳಬಹುದು. ಯೋಚನೆ ಇಲ್ಲದೆ ತಿನ್ನಬೇಕೆಂದರೆ ಬೌದ್ಧ ಊಟದ ಜಾಗ ಹುಡುಕಿ. ಗೋಂಗ್‌ದಲಿನ್ 1922ರಿಂದ ಇರುವ ಸಸ್ಯಾಹಾರಿ ಹೋಟೆಲು. ಲೋಂಗ್‌ಹುವಾ ದೇವಸ್ಥಾನದಲ್ಲಿ ಸಿಗುವ ನೂಡಲ್ಸು ಅಗ್ಗ, ರುಚಿಯೂ ಹೌದು. ಅವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ, ಮಡಿ ಊಟವೇ.

ಮನೆ ಅಡುಗೆಗೆ ಮೂರು ಮೂಲ. ಹೊರಗಿನ ಸಾಮಾನು ಮಾರುವ ಸೂಪರ್ ಮಾರ್ಕೆಟ್ಟು: ಹೋಗಬೇಡಿ, ಚೀಸಿಗೆ ಮಾತ್ರ ಹೋಗಿ. ಹಮಾ ಅಂಗಡಿ: ಅಲಿಬಾಬಾದವರದ್ದು, 2016ರಲ್ಲಿ ಶಾಂಘೈನಲ್ಲೇ ಶುರುವಾದದ್ದು, 3 ಕಿಲೋಮೀಟರಿನೊಳಗೆ ಮನೆ ಇದ್ದರೆ ಅರ್ಧ ಗಂಟೆಯಲ್ಲಿ ಸಾಮಾನು ಬಾಗಿಲಿಗೆ. ಆಫೀಸಿಂದ ತಡವಾಗಿ ಬಂದ ದಿನ ಅದೇ ಗತಿ. ಮೂರನೆಯದು ಬೀದಿ ತುದಿಯ ಮಾರ್ಕೆಟ್ಟು, ಛಾಯ್‌ಚಾಂಗ್. ವಾರಕ್ಕೆ ಎರಡು ಸಲವಾದರೂ ಇಲ್ಲಿಗೆ ಹೋಗಿ. ಬೆಲೆ ನೋಡುವಾಗ ಒಂದು ನೆನಪಿರಲಿ, ಬೋರ್ಡಿನಲ್ಲಿ ಬರೆದಿರುವುದು ಕಿಲೋಗೆ ಅಲ್ಲ, ಜಿನ್‌ಗೆ. ಒಂದು ಜಿನ್ ಅಂದರೆ ಅರ್ಧ ಕಿಲೋ. ಇಷ್ಟು ಅಗ್ಗವಾ ಅಂತ ನಾನು ಮೊದಲ ದಿನ ಹಿಗ್ಗಿ ಹಿಗ್ಗಿ ಕೊಂಡು, ದುಡ್ಡು ಕೊಡುವಾಗ ಜಗಳಕ್ಕೆ ನಿಂತು, ಕೊನೆಗೆ ಪಕ್ಕದ ಮೀನಿನವನು ತಕ್ಕಡಿ ತೋರಿಸಿ ಲೆಕ್ಕ ಹೇಳಿಕೊಟ್ಟ ಮೇಲೆ ನಾಚಿಕೆಯಾಗಿ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಬೆಂಡೆ, ಹಾಗಲ, ಬದನೆ, ಸೋರೆ, ಶುಂಠಿ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತದೆ. ನುಗ್ಗೆಕಾಯಿ, ಕರಿಬೇವು ಮಾರ್ಕೆಟ್ಟಿನಲ್ಲಿ ಕೇಳಬೇಡಿ. ಮೊಸರು ಅಂತ ಸಿಗುವುದು ಬಹುತೇಕ ಸಿಹಿ, ಸಕ್ಕರೆ ಇಲ್ಲದ್ದು ಹುಡುಕಿ ತಂದು ಅದರಲ್ಲೇ ಹೆಪ್ಪು ಹಾಕಿ. ಖುಷಿಯ ವಿಷಯ ಏನೆಂದರೆ ಬೇಸಿಗೆಯಲ್ಲಿ ಶಿಯೆನ್‌ಛಾಯ್ ಅಂತ ಒಂದು ಕೆಂಪು ಸೊಪ್ಪು ರಾಶಿ ಬೀಳುತ್ತದೆ, ಅದು ನಮ್ಮ ಹರಿವೆಯೇ. ಇಲ್ಲಿನವರು ಬೆಳ್ಳುಳ್ಳಿ ಹಾಕಿ ಬಾಡಿಸಿ, ಬಿಟ್ಟ ಕೆಂಪು ರಸವನ್ನು ಅನ್ನಕ್ಕೆ ಕಲಸಿ ಮಕ್ಕಳಿಗೆ ಕೊಡುತ್ತಾರೆ. ನಾನು ಬಸ್ಸಾರು ಮಾಡುತ್ತೇನೆ. ಕೆಳಗಿನ ಅಜ್ಜಿಗೆ ಒಂದು ಲೋಟ ಕೊಟ್ಟಾಗ ಕುಡಿದು, ಹುಳಿ ಜಾಸ್ತಿ, ಸಕ್ಕರೆ ಹಾಕು ಅಂದಳು. ಶಾಂಘೈನವರು ಎಲ್ಲದಕ್ಕೂ ಸಕ್ಕರೆ ಹಾಕುತ್ತಾರೆ. ತೊಗರಿಬೇಳೆ ಮಾತ್ರ ತಾವ್‌ಬಾವ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಮುಂಚೆಯೇ ತರಿಸಿಟ್ಟುಕೊಳ್ಳಿ, ಬರಲು ಮೂರು ನಾಲ್ಕು ದಿನ ಬೇಕು.